ಹಿರೋಡೆಯಿಂದ ಡಬ್ಲಿನ್‌ಗೆ ಒಂದು ಕಾಗದ

ಪಾಂಡವಪುರ,
ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಗಟ್ಟಿ. ನಾಲೆಗೆ ನೀರು ಬಿಟ್ಟಿದ್ದಾರೆ. ಕಬ್ಬು ಕಡಿಯೋಕೆ ಆಳು ಸಿಗದೆ ನಿಮ್ಮಪ್ಪ ದಿನಾ ಯಾರಿಗಾದರೂ ಫೋನ್ ಮಾಡಿ ಬೈತಾ ಇರುತ್ತಾನೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೀನು ಹೇಳಿದ್ದು ನನ್ನ ತಲೆಯಲ್ಲೇ ಕೂತಿದೆ. ಕ್ಲಾಸಿನಲ್ಲಿ ಮಾತಿನ ಭರದಲ್ಲಿ 'ಇಲ್ಲಿ ಯುಕೆಯಲ್ಲಿ' ಅಂದುಬಿಟ್ಟೆ, ಪಕ್ಕದ ಹುಡುಗನ ಮುಖ ಕಪ್ಪಾಯಿತು ಅಂದೆ. ಅದೇ ದಿನ ಸಂಜೆ ನಿನ್ನ ಮನೆ ಓನರಮ್ಮ ಟೀ ಕೊಡುತ್ತಾ, 'ನಿಮಗೂ ನಮಗೂ ಒಬ್ಬರೇ ಯಜಮಾನರಿದ್ದರು, ನಾವು ನೆಂಟರ ಹಾಗೇ' ಅಂದರಂತೆ. 'ಇದು ನಿಜವಾ ದೊಡ್ಡಪ್ಪಾ, ಇಲ್ಲಾ ಬಾಡಿಗೆ ಹುಡುಗಿಯನ್ನ ಸಮಾಧಾನ ಮಾಡೋಕೆ ಹೇಳಿದ್ದಾ?' ಅಂತ ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವನಿಗೆ ಇಂಥ ಪ್ರಶ್ನೆ ಕೇಳಬಾರದು ಕಣಮ್ಮ. ಕೇಳಿದ್ದೀಯ, ಈಗ ಓದು.

ಮೊದಲು ಆ ಹುಡುಗನ ವಿಷಯ. ಅವನ ಹತ್ತಿರ ಹೋಗಿ 'ತಪ್ಪಾಯ್ತು' ಅಂತ ಹೇಳಿಬಿಡು. ಅವರ ದೇಶ ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಿ ನೂರು ವರ್ಷದ ಮೇಲಾಯಿತು. 1921ರ ಡಿಸೆಂಬರಿನಲ್ಲಿ ಒಪ್ಪಂದ ಆಯಿತು. 32 ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಉತ್ತರದ 6 ಮಾತ್ರ ಬ್ರಿಟಿಷರ ಜೊತೆ ಉಳಿದವು. ಆ 6 ಕೌಂಟಿಗಾಗಿ ಅಲ್ಲಿ ಎಷ್ಟು ಜನ ಸತ್ತಿದ್ದಾರೆ ಅಂದರೆ, 1998ರ ಏಪ್ರಿಲ್‌ನಲ್ಲಿ ಗುಡ್ ಫ್ರೈಡೇ ಒಪ್ಪಂದ ಆದ ಮೇಲೇ ಜನ ಸ್ವಲ್ಪ ಉಸಿರು ಬಿಟ್ಟದ್ದು. ನಮ್ಮನ್ನ ಯಾರಾದರೂ 'ನೀವು ಪಾಕಿಸ್ತಾನದವರಾ?' ಅಂತ ಕೇಳಿದರೆ ಹೇಗಿರುತ್ತೋ ಹಾಗೆ. ದೇಶ ಒಡೆದುಹೋದವರ ಮುಂದೆ ಗಡಿಯ ಮಾತನ್ನ ಹುಷಾರಾಗಿ ಆಡಬೇಕು.

ಇನ್ನು ಓನರಮ್ಮನ ಮಾತು. ಅದು ನಿಜ. ಆದರೆ ಅವರು ಅಂದುಕೊಂಡಷ್ಟು ಸಲೀಸಾದ ನಿಜ ಅಲ್ಲ.

ನಮ್ಮೂರಿನ ಹೆಸರಿನಿಂದಲೇ ಶುರು ಮಾಡುತ್ತೀನಿ. ನಮ್ಮ ತಾತ ಸಾಯುವವರೆಗೂ ಪಾಂಡವಪುರ ಅಂದವರಲ್ಲ. 'ಫ್ರೆಂಚ್‌ರಾಕ್ಸ್‌ಗೆ ಹೋಗಿ ಬತ್ತೀನಿ' ಅನ್ನೋರು. ಅವರಿಗಿಂತ ಹಿಂದಿನವರ ಬಾಯಲ್ಲಿ ಇದು ಹಿರೋಡೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಈ ಬಂಡೆಗಳ ಹತ್ತಿರ ಡೇರೆ ಹಾಕಿದ್ದರು, ಆ ಹೆಸರು ಊರಿಗೇ ಅಂಟಿಕೊಂಡಿತು. ಶ್ರೀರಂಗಪಟ್ಟಣ ಇಂಗ್ಲಿಷರ ಬಾಯಲ್ಲಿ ಸೆರಿಂಗಪಟಂ ಆಯಿತು. ಮೈಸೂರು ಮೈಸೋರ್ ಆಯಿತು, ಅದನ್ನ ಸರ್ಕಾರದ ಕಾಗದದಲ್ಲಿ ಸರಿಮಾಡೋಕೆ 2014 ಬರಬೇಕಾಯಿತು. ಅಲ್ಲೂ ಇದೇ ಕಥೆ. ನೀನು ಸಮುದ್ರ ನೋಡೋಕೆ ಹೋಗಿದ್ದೆಯಲ್ಲ, ಡನ್ ಲಿಯರಿ, ಅದಕ್ಕೆ ನೂರು ವರ್ಷ ಕಿಂಗ್ಸ್‌ಟೌನ್ ಅಂತ ಹೆಸರಿತ್ತು. ಕೋವ್ ಬಂದರು ಕ್ವೀನ್ಸ್‌ಟೌನ್ ಆಗಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಹಳೇ ಹೆಸರುಗಳನ್ನ ಎತ್ತಿ ತಂದರು. ನೀನು ಕಳಿಸಿದ ಬಸ್ಸಿನ ಫೋಟೋದಲ್ಲಿ 'ಆನ್ ಲಾರ್' ಅಂತ ಬರೆದಿತ್ತು. ಊರಿನ ನಡುಭಾಗ ಅಂತ ಅರ್ಥ. ನೀನು ಅದನ್ನ ಯಾವುದೋ ಸ್ಟಾಪಿನ ಹೆಸರು ಅಂದುಕೊಂಡಿದ್ದೆ, ಅಲ್ವಾ?

ಈಗ ಒಬ್ಬ ಮನುಷ್ಯನ ಕಥೆ ಹೇಳುತ್ತೀನಿ. ಅವನ ಹೆಸರು ಕಾರ್ನ್‌ವಾಲಿಸ್. ಬ್ರಿಟಿಷರ ದಂಡನಾಯಕ, ನಿನ್ನ ಹೈಸ್ಕೂಲು ಪುಸ್ತಕದಲ್ಲಿ ಇದ್ದ, ನೀನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೀಯ. 1781ರಲ್ಲಿ ಅಮೆರಿಕದಲ್ಲಿ ಸೋತು ಶರಣಾದ. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡ, 3 ಕೋಟಿ 30 ಲಕ್ಷ ರೂಪಾಯಿ ದಂಡ ಹಾಕಿದ, ಅದು ತೀರುವವರೆಗೆ ಟಿಪ್ಪುವಿನ ಇಬ್ಬರು ಹುಡುಗರನ್ನ ಒತ್ತೆ ಇಟ್ಟುಕೊಂಡ. ಸರಿ, ಇಷ್ಟು ನಿನಗೆ ಗೊತ್ತು. ಆಮೇಲೆ ಎಲ್ಲಿಗೆ ಹೋದ? ನಿನ್ನ ಡಬ್ಲಿನ್‌ಗೆ. 1798ರಲ್ಲಿ ಐರಿಷರು ದಂಗೆ ಎದ್ದಾಗ ಅಲ್ಲಿ ರಾಜಪ್ರತಿನಿಧಿಯಾಗಿ ಹೋದವನು ಇವನೇ. ಐರಿಷರು ಫ್ರೆಂಚರ ದಾರಿ ಕಾಯುತ್ತಿದ್ದರು. ಸುಮಾರು ಸಾವಿರ ಫ್ರೆಂಚ್ ಸೈನಿಕರು ಆಗಸ್ಟ್‌ನಲ್ಲಿ ಬಂದು ಇಳಿದರು, ಅಷ್ಟರಲ್ಲಿ ದಂಗೆಯ ಬೆನ್ನು ಮುರಿದಿತ್ತು. ಸೆಪ್ಟೆಂಬರ್‌ನಲ್ಲಿ ಬ್ಯಾಲಿನಾಮಕ್ ಅನ್ನೋ ಊರಿನಲ್ಲಿ ಫ್ರೆಂಚರು ಶರಣಾದರು. ಅದೇ ವರ್ಷ ಟಿಪ್ಪುವೂ ಫ್ರೆಂಚರನ್ನ ಕಾಯುತ್ತಿದ್ದ. ಮಾರಿಷಸ್‌ನಿಂದ ಬಂದವರು ನೂರರ ಆಸುಪಾಸು ಮಂದಿ. ಮಾರನೇ ವರ್ಷ ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ.

ಎರಡು ಊರಿನವರು, ಒಬ್ಬರಿಗೊಬ್ಬರು ಗೊತ್ತೇ ಇಲ್ಲ, ಒಂದೇ ಹಡಗಿನ ದಾರಿ ಕಾದು ಒಂದೇ ಥರ ಕೆಟ್ಟರು. ನಾನು ಇದನ್ನ ಮಕ್ಕಳಿಗೆ ಹೇಳುವಾಗ ಕ್ಲಾಸಿನಲ್ಲಿ ಯಾವತ್ತೂ ಗಲಾಟೆ ಇರುತ್ತಿರಲಿಲ್ಲ.

ಇಲ್ಲಿವರೆಗೆ ಓನರಮ್ಮನ ಮಾತು ಸರಿ ಅನ್ನಿಸುತ್ತೆ. ಈಗ ಇನ್ನೊಂದು ಮಗ್ಗುಲು ನೋಡು. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ಯಾರ ಕೈಗೆ ಹೋಯಿತು? ಆರ್ಥರ್ ವೆಲ್ಲೆಸ್ಲಿ. ಹುಟ್ಟಿದ್ದು 1769ರಲ್ಲಿ, ಡಬ್ಲಿನ್‌ನಲ್ಲಿ! ಅವನ ಅಣ್ಣ ರಿಚರ್ಡ್, ಆಗಿನ ಗವರ್ನರ್ ಜನರಲ್, ಅವನೂ ಐರ್ಲೆಂಡಿನಲ್ಲೇ ಹುಟ್ಟಿದವನು. ಈ ಆರ್ಥರ್ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ವಾಪಸು ಓಡಿಬಂದಿದ್ದ. ಒಂದೇ ತಿಂಗಳು, ಆಮೇಲೆ ಅವನೇ ಊರಿಗೆ ದೊರೆ. ಮೈಸೂರಿನ ಇರ್ವಿನ್ ರಸ್ತೆಯಲ್ಲಿ ಅವನಿದ್ದ ಮನೆ, ವೆಲ್ಲಿಂಗ್ಟನ್ ಹೌಸ್, ಈಗಲೂ ಇದೆ. ಚಿಕ್ಕವಳಿದ್ದಾಗ ನಿನ್ನನ್ನ ಅಲ್ಲಿನ ಮಾನವ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ, ನೀನು ಐಸ್‌ಕ್ರೀಮಿಗೆ ಹಟ ಹಿಡಿದು ಏನನ್ನೂ ನೋಡಲಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬದ ಹಳೇ ಸೇತುವೆ ಇದೆಯಲ್ಲ, ಪೂರ್ಣಯ್ಯ ಕಟ್ಟಿಸಿದ್ದು, ಅದಕ್ಕಿಟ್ಟ ಹೆಸರು ಆ ಅಣ್ಣ ವೆಲ್ಲೆಸ್ಲಿಯದು.

ಹಾಗಾದರೆ ನಮ್ಮನ್ನ ಆಳಿದವರು ಐರಿಷರೇ ಆಗಿರಲಿಲ್ವಾ? ಒಬ್ಬಿಬ್ಬರಲ್ಲ ಕಣಮ್ಮ. ಈಸ್ಟ್ ಇಂಡಿಯಾ ಕಂಪನಿಯ ಪಲ್ಟನ್ನುಗಳಲ್ಲಿ ಬಡ ಐರಿಷ್ ಹುಡುಗರು ಬೇಕಾದಷ್ಟು ಜನ ಇದ್ದರು. ಊರಲ್ಲಿ ಊಟ ಇಲ್ಲದವನು ಸಿಪಾಯಿ ಆಗುತ್ತಾನೆ, ಇಲ್ಲಿಯೂ ಹಾಗೇ. ಜಲಿಯನ್‌ವಾಲಾಬಾಗ್ ಆದಾಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕೆಲ್ ಓಡ್ವಯರ್, ಆ ಗುಂಡಿನ ದಾಳಿಯನ್ನ ಸಮರ್ಥಿಸಿಕೊಂಡವನು, ಐರ್ಲೆಂಡಿನ ಟಿಪರರಿಯವನು. ಅದರ ಮಾರನೇ ವರ್ಷ, 1920ರ ಜೂನ್‌ನಲ್ಲಿ, ಅದೇ ಪಂಜಾಬಿನ ಜಲಂಧರ್‌ನಲ್ಲಿ ಕನಾಟ್ ರೇಂಜರ್ಸ್ ಅನ್ನೋ ಐರಿಷ್ ಪಲ್ಟನ್ನು ಬಂದೂಕು ಕೆಳಗಿಟ್ಟಿತು. 'ನಮ್ಮೂರಲ್ಲಿ ನಿಮ್ಮ ಸೈನ್ಯ ನಮ್ಮವರಿಗೆ ಹಿಂಸೆ ಕೊಡುತ್ತಿದೆ, ನಾವು ನಿಮಗೆ ಕೆಲಸ ಮಾಡಲ್ಲ' ಅಂತ. ಜೇಮ್ಸ್ ಡೇಲಿ ಅನ್ನೋ ಹುಡುಗನನ್ನ ನವೆಂಬರ್‌ನಲ್ಲಿ ಡಗ್‌ಶಾಯಿ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಒಂದೇ ದೇಶದ ಇಬ್ಬರು. ಯಾರನ್ನ ಐರ್ಲೆಂಡ್ ಅಂತ ಹೇಳುತ್ತೀಯ?

ಈ ಪ್ರಶ್ನೆಯನ್ನ ಓನರಮ್ಮನ ಮುಖಕ್ಕೆ ಹಿಡಿಯಬೇಡ. ಅವರು ಪ್ರೀತಿಯಿಂದ ಅಂದಿದ್ದಾರೆ. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿರು. ನಮ್ಮಲ್ಲೂ ಅಷ್ಟೇ, ಶ್ರೀರಂಗಪಟ್ಟಣದ ಮೇಲೆ ಬಂದ ದಂಡಿನಲ್ಲಿ ಬಿಳಿಯರಿಗಿಂತ ನಮ್ಮ ದೇಶದ ಸಿಪಾಯಿಗಳೇ ಜಾಸ್ತಿ ಇದ್ದರು. ಮತ್ತೆ ಬ್ರಿಟಿಷರು ಬರೋಕೆ ಮುಂಚೆಯೂ ನಮ್ಮೂರ ಬಾವಿ ಎಲ್ಲರದ್ದೂ ಆಗಿರಲಿಲ್ಲ. ಅದನ್ನ ಅವರ ಲೆಕ್ಕಕ್ಕೆ ಬರೆಯೋಕಾಗಲ್ಲ.

ಬರದ ವಿಷಯ ಬರೆಯದೆ ಈ ಕಾಗದ ಮುಗಿಯಲ್ಲ. ಲಿಫಿ ನದಿ ದಂಡೆಯಲ್ಲಿ, ಕಸ್ಟಮ್ ಹೌಸ್ ಹತ್ತಿರ, ಕಂಚಿನ ಗೊಂಬೆಗಳಿವೆ ಅಂದೆಯಲ್ಲ, ಮೂಳೆ ಚಕ್ಕಳದ ಜನ ಗಂಟು ಎದೆಗೆ ಅವುಚಿಕೊಂಡು ಹಡಗಿನ ಕಡೆ ನಡೆಯುತ್ತಾ ಇರೋದು. ನೀನು ದಿನಾ ಅದರ ಪಕ್ಕದಲ್ಲೇ ಹೋಗುತ್ತೀಯ. ಒಂದು ದಿನ ನಿಂತು ಮುಖಗಳನ್ನ ನೋಡು. 1845ರಲ್ಲಿ ಅವರ ಆಲೂಗಡ್ಡೆಗೆ ರೋಗ ಬಿತ್ತು. ನಮ್ಮ ಹಾಸನದ ರೈತರು ಅಂಗಮಾರಿ ಅಂತಾರಲ್ಲ, ಅದೇ ರೋಗ. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ರಾತ್ರೋರಾತ್ರಿ ಎಲೆ ಕಪ್ಪಾಗಿ ಹೊಲ ನಾರುತ್ತೆ. ಬಡವರ ಊಟವೆಲ್ಲ ಅದೊಂದೇ ಗೆಡ್ಡೆ. ಹತ್ತು ಲಕ್ಷ ಜನ ಸತ್ತರು, ಹತ್ತು ಲಕ್ಷ ಊರು ಬಿಟ್ಟರು. ಜನ ಸಾಯುತ್ತಿದ್ದಾಗಲೂ ಅವರ ಬಂದರುಗಳಿಂದ ಧಾನ್ಯ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. 1841ರಲ್ಲಿ ಆ ದ್ವೀಪದಲ್ಲಿ 80 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಉತ್ತರ, ದಕ್ಷಿಣ ಎರಡೂ ಸೇರಿಸಿದರೂ ಇವತ್ತಿಗೂ ಅಷ್ಟು ಆಗಿಲ್ಲ.

ನಮ್ಮದು ಧಾತು ಈಶ್ವರ ಬರ. ಧಾತು ಸಂವತ್ಸರ, ಈಶ್ವರ ಸಂವತ್ಸರ, ಅಂದರೆ 1876ರಿಂದ 78. ಆಗ ಮೈಸೂರು ಅರಸರ ಕೈಯಲ್ಲಿ ಇರಲಿಲ್ಲ, 1831ರಿಂದ ಬ್ರಿಟಿಷ್ ಕಮಿಷನರೇ ಆಳುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ 50 ಲಕ್ಷ ಜನ. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇಲ್ಲ. ನಾನು ಚಿಕ್ಕವನಿದ್ದಾಗ ತಟ್ಟೆಯಲ್ಲಿ ಮುದ್ದೆ ಚೂರು ಬಿಟ್ಟರೆ ನಮ್ಮಜ್ಜಿ, 'ಧಾತು ಈಸ್ವರದಲ್ಲಿ ಹುಟ್ಟಬೇಕಿತ್ತು ನೀನು' ಅನ್ನೋಳು. ಅವಳೇನೂ ಅದನ್ನ ಕಂಡವಳಲ್ಲ. ಅವಳ ಅಜ್ಜಿ ಹೇಳಿದ್ದನ್ನ ಹೇಳುತ್ತಿದ್ದಳು. ಈ ಎರಡು ಬರಕ್ಕೂ ಒಂದು ದಾರ ಇದೆ. ಐರ್ಲೆಂಡಿನ ಪರಿಹಾರದ ಕೆಲಸ ನೋಡಿಕೊಂಡಿದ್ದ ಚಾರ್ಲ್ಸ್ ಟ್ರೆವೆಲಿಯನ್ ಅದಕ್ಕೆ ಮುಂಚೆ ಇಂಡಿಯಾದಲ್ಲೇ ಕೆಲಸ ಮಾಡಿದ್ದವನು, ಆಮೇಲೆ ಮದ್ರಾಸಿನ ಗವರ್ನರ್ ಆದ. ಮೆಕಾಲೆಯ ತಂಗಿಯ ಗಂಡ. ಸರ್ಕಾರ ಜಾಸ್ತಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಮಾರುಕಟ್ಟೆಗೆ ಕೈ ಹಾಕಬಾರದು, ಇದು ಅವನ ಲೆಕ್ಕಾಚಾರ. ಮೂವತ್ತು ವರ್ಷ ಆದ ಮೇಲೆ ನಮ್ಮ ಬರದಲ್ಲೂ ಅಧಿಕಾರಿಗಳು ಆಡಿದ್ದು ಅದೇ ಮಾತು.

ಒಂದು ವ್ಯತ್ಯಾಸ ಮಾತ್ರ ನನಗೆ ಚುಚ್ಚುತ್ತೆ. ಅವರು ಗೊಂಬೆ ಮಾಡಿ ನಿಲ್ಲಿಸಿದ್ದಾರೆ. ನಮ್ಮಲ್ಲಿ ಧಾತು ಈಶ್ವರಕ್ಕೆ ಅಂತ ಒಂದು ಕಲ್ಲನ್ನೂ ನಾನು ಕಂಡಿಲ್ಲ. ಶ್ರೀರಂಗಪಟ್ಟಣದ ಕೋಟೆಯಲ್ಲಿ 1799ರಲ್ಲಿ ಮುತ್ತಿಗೆ ಹಾಕಿದ ಇಂಗ್ಲಿಷ್ ಕಡೆಯವರಿಗೆ ಎತ್ತರದ ಸ್ತಂಭ ಇದೆ, 1907ರಲ್ಲಿ ಎಬ್ಬಿಸಿದ್ದು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲೂ ಅದೇ ಥರದ್ದು, 60 ಮೀಟರಿಗೂ ಎತ್ತರ, ನಮ್ಮ ಆರ್ಥರ್ ವೆಲ್ಲೆಸ್ಲಿಗೇ. ಅದರ ಬುಡದಲ್ಲಿ ಕಂಚಿನ ಫಲಕಗಳಿವೆ, ಒಂದರಲ್ಲಿ ಇಂಡಿಯಾದ ಯುದ್ಧ ಕೆತ್ತಿದ್ದಾರೆ. ಗೆದ್ದವರಿಗೆ ಎರಡೂ ಊರಿನಲ್ಲಿ ಕಂಬ.

ನೀನು ಅವರ ಜೊತೆ ಮಾತಾಡುವಾಗ ಸಾವಿನ ಲೆಕ್ಕಕ್ಕೆ ಇಳಿಯಬೇಡ ಪುಟ್ಟಿ. ಇದು ನಾನು ನಿನಗೆ ಗಟ್ಟಿಯಾಗಿ ಹೇಳೋ ಮಾತು. 'ನಿಮ್ಮಲ್ಲಿ ಹತ್ತು ಲಕ್ಷ, ನಮ್ಮಲ್ಲಿ ಅದಕ್ಕಿಂತ ಜಾಸ್ತಿ' ಅನ್ನೋ ವಾದ ಹುಡುಗರಿಗೆ ಬಲು ಇಷ್ಟ. ಸಾವಿನ ಮನೆಗೆ ಹೋಗಿ 'ನಮ್ಮನೆಯಲ್ಲಿ ಇಬ್ಬರು ಹೋದರು' ಅಂತ ಯಾರಾದರೂ ಹೇಳುತ್ತಾರಾ? ಅವರದ್ದನ್ನ ಮೊದಲು ಕೇಳು. ಕೇಳಿದರೆ ತಾವೇ ನಿನ್ನದನ್ನ ಕೇಳುತ್ತಾರೆ.

ಭಾಷೆಯ ವಿಷಯಕ್ಕೆ ಬಂದರೆ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಇದನ್ನ ನಿಮ್ಮಪ್ಪ ನಿನಗೆ ಹೇಳಿರಲ್ಲ.

ಅಲ್ಲಿ ಹಿಂದೆ ಶಾಲೆ ಮಕ್ಕಳ ಕೊರಳಿಗೆ ಒಂದು ಕಡ್ಡಿ ಕಟ್ಟುತ್ತಿದ್ದರಂತೆ. ಮಗು ಬಾಯಿತಪ್ಪಿ ಐರಿಷ್ ಆಡಿದರೆ ಕಡ್ಡಿಗೆ ಒಂದು ಕಚ್ಚು. ಸಂಜೆ ಕಚ್ಚು ಎಣಿಸಿ ಅಷ್ಟು ಏಟು. ಮನೆಯಲ್ಲಿ ಅಪ್ಪ ಅಮ್ಮನೇ ಕಚ್ಚು ಹಾಕಿ ಕಳಿಸಿದ್ದೂ ಉಂಟು, ಮಗ ಇಂಗ್ಲಿಷ್ ಕಲಿತು ಹಡಗು ಹತ್ತಿ ಬದುಕಿಕೊಳ್ಳಲಿ ಅಂತ. ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ಕೂತೆ. ಯಾಕೆ ಅಂದರೆ, ಬಿ.ಎಡ್ ಮುಗಿಸಿ ಸರ್ಕಾರಿ ಕೆಲಸ ಸಿಗೋಕೆ ಮುಂಚೆ ಎರಡು ವರ್ಷ ಮೈಸೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಪಾಠ ಮಾಡಿದ್ದೆ. ನಿಮ್ಮಪ್ಪನನ್ನೂ ಅಲ್ಲೇ ಸೇರಿಸಿದ್ದೆ, ನನ್ನ ರೂಮಿನಲ್ಲೇ ಇದ್ದ. ಕನ್ನಡ ಆಡಿದರೆ 10 ಪೈಸೆ ದಂಡ ಅಂತ ಅಲ್ಲಿ ನಿಯಮ. ದಂಡದ ಪುಸ್ತಕ ನನ್ನ ಕೈಯಲ್ಲಿ. ನೀಲಿ ರಟ್ಟಿನ ಉದ್ದ ನೋಟ್‌ಬುಕ್ಕು, ನಾನೇ ಸ್ಕೇಲ್ ಇಟ್ಟು ಗೆರೆ ಹಾಕಿದ್ದೆ. ಒಂದು ಮಧ್ಯಾಹ್ನ ನಿಮ್ಮಪ್ಪ ಮೆಟ್ಟಿಲ ಹತ್ತಿರ ಬಂದು 'ಅಣ್ಣಾ, ಹೊಟ್ಟೆ ನೋಯ್ತದೆ' ಅಂದ. ಸುತ್ತ ಹುಡುಗರು ನಿಂತಿದ್ದರು. ನಾನು ಅವನ ಹೆಸರು ಬರೆದೆ. ನನ್ನ ತಮ್ಮ ಅಂತ ಬಿಟ್ಟರೆ ಬೇರೆ ಹುಡುಗರು ಏನಂತಾರೆ ಅನ್ನೋ ನ್ಯಾಯ ನನ್ನದು. ರಾತ್ರಿ ಜ್ವರ ಬಂತು. ಜ್ವರದಲ್ಲಿ ನೀರು ಕೇಳೋಕೂ ಅವನು ಇಂಗ್ಲಿಷ್ ಪದ ಹುಡುಕುತ್ತಿದ್ದ.

ಆ 10 ಪೈಸೆ ನಾನೇ ಕಟ್ಟಿದೆ. ಕ್ಷಮೆ ಇವತ್ತಿಗೂ ಕೇಳಿಲ್ಲ. ಅವನು ಅದನ್ನ ತಮಾಷೆಯಾಗಿ ಹೇಳುತ್ತಾನೆ, ನನಗೆ ನಗು ಬರಲ್ಲ. ನನ್ನ ಕೈಗೆ ಆ ಪುಸ್ತಕ ಕೊಟ್ಟವನು ಬ್ರಿಟಿಷನಲ್ಲ, ಅವನು ಹೋಗಿ ಮೂವತ್ತು ವರ್ಷ ಆಗಿತ್ತು.

ಈಗ ಅವರ ಸಂವಿಧಾನದಲ್ಲಿ ಐರಿಷ್‌ಗೆ ಮೊದಲ ಸ್ಥಾನ. ಶಾಲೆಯಲ್ಲಿ ಕಡ್ಡಾಯ. ರಸ್ತೆ ಫಲಕದಲ್ಲಿ ಮೇಲೆ ಐರಿಷ್, ಕೆಳಗೆ ಇಂಗ್ಲಿಷ್. 2022ರ ಗಣತಿಯಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ನಮಗೆ ಐರಿಷ್ ಬರುತ್ತೆ ಅಂದರು. ಶಾಲೆಯ ಹೊರಗೆ ದಿನಾ ಆಡುವವರು ಎಷ್ಟು ಅಂದರೆ ಸುಮಾರು 72 ಸಾವಿರ. ಫಲಕದ ಮೇಲೆ ಬರೆಸೋದು ಸುಲಭ, ತರಕಾರಿ ಅಂಗಡಿಯಲ್ಲಿ ಆಡಿಸೋದು ಕಷ್ಟ. ನಮ್ಮ ಕನ್ನಡ ಆ ಸ್ಥಿತಿಗೆ ಬಂದಿಲ್ಲ, ಕೋಟಿಗಟ್ಟಲೆ ಬಾಯಿ ಇದೆ. ಆದರೆ ನಿನ್ನ ಅಕ್ಕನ ಮಗ ಮೊನ್ನೆ ಬಂದಾಗ 'ಮೂವತ್ತೊಂಬತ್ತು' ಅಂದರೆ ಎಷ್ಟು ಅಂತ ಕೇಳಿದ.

ಅದಕ್ಕೇ ಹೇಳೋದು, ಅಲ್ಲಿರುವಾಗ ಐರಿಷ್ ನಾಲ್ಕು ಮಾತು ಕಲಿ. ಅವರು ಸಿಕ್ಕಾಗ 'ಡಿಯಾ ಗ್ವಿಟ್' ಅನ್ನುತ್ತಾರಂತೆ, ದೇವರು ನಿನ್ನ ಜೊತೆ ಇರಲಿ ಅಂತ. ಅದಕ್ಕೆ ಉತ್ತರವಾಗಿ ಎದುರಿನವರು ದೇವರ ಜೊತೆಗೆ ಮೇರಿಯಮ್ಮನನ್ನೂ ಸೇರಿಸುತ್ತಾರೆ. ಮೂರನೆಯವರು ಸಂತ ಪ್ಯಾಟ್ರಿಕ್‌ನನ್ನೂ ಸೇರಿಸುತ್ತಾರೆ. ನಮ್ಮಲ್ಲಿ 'ಶರಣು' ಅಂದರೆ 'ಶರಣು ಶರಣಾರ್ಥಿ' ಅನ್ನಲ್ವಾ, ಕೊಟ್ಟದ್ದಕ್ಕೆ ಒಂದು ಹಿಡಿ ಜಾಸ್ತಿ ಸೇರಿಸಿ ವಾಪಸು ಕೊಡೋದು. ನೀನು ಉಚ್ಚಾರ ತಪ್ಪಿದರೂ ಓನರಮ್ಮ ಖುಷಿಪಡುತ್ತಾರೆ.

ಜಮೀನಿನ ಕಥೆಯೂ ಇದೆ, ಉದ್ದ ಬೇಡ. ಅಲ್ಲಿ ಬಹುಪಾಲು ಭೂಮಿ ಇಂಗ್ಲಿಷ್ ಮೂಲದ ಜಮೀನ್ದಾರರದ್ದು, ಬೇಸಾಯ ಐರಿಷರದ್ದು. 1879ರಲ್ಲಿ ಲ್ಯಾಂಡ್ ಲೀಗ್ ಅನ್ನೋ ರೈತರ ಸಂಘ ಕಟ್ಟಿದರು. ಮಾರನೇ ವರ್ಷ ಮೇಯೋ ಜಿಲ್ಲೆಯಲ್ಲಿ ಜಮೀನ್ದಾರನ ಏಜೆಂಟ್ ಒಬ್ಬನ ಜೊತೆ ಊರಿಗೆ ಊರೇ ಮಾತು ಬಿಟ್ಟಿತು, ಆಳು ಹೋಗಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ. ಅವನ ಹೆಸರು ಕ್ಯಾಪ್ಟನ್ ಬಾಯ್ಕಾಟ್. ಹೌದು, ನಾವು ದಿನಾ ಹೇಳೋ ಬಾಯ್ಕಾಟ್ ಅವನೇ! ನಮ್ಮಲ್ಲಿ 'ಉಳುವವನೇ ಹೊಲದೊಡೆಯ' ಅಂತ ಆದದ್ದು 1974ರಲ್ಲಿ, ದೇವರಾಜ ಅರಸು ಕಾಲದಲ್ಲಿ. ನಿನ್ನ ಫೀಸು ಕಟ್ಟಿದ ಎರಡು ಎಕರೆ ಕಬ್ಬಿನ ಗದ್ದೆ ನಿನ್ನ ತಾತ ಅವತ್ತು ಡಿಕ್ಲರೇಷನ್ ಹಾಕಿ ಪಡೆದದ್ದು. ಟ್ರಿಬ್ಯೂನಲ್ ಆರ್ಡರಿನ ಕಾಗದ ಇನ್ನೂ ಬೀರುವಿನಲ್ಲಿದೆ, ಮಡಿಕೆಯ ಜಾಗದಲ್ಲಿ ಹರಿದಿದೆ.

ಬಾವುಟದ ಕಥೆಯೂ ಅವರಿಗೆ ಹೇಳು. 1916ರ ಈಸ್ಟರ್ ದಂಗೆಯಲ್ಲಿ ಅವರ ಹಸಿರು, ಬಿಳಿ, ಕಿತ್ತಳೆ ಬಾವುಟ ಡಬ್ಲಿನ್ನಿನ ದೊಡ್ಡ ಪೋಸ್ಟಾಫೀಸಿನ ಮೇಲೆ ಹಾರಿತು. ನಮ್ಮ ಬಾವುಟ ಹಾರಿದ್ದು ಮದ್ದೂರಿನ ಹತ್ತಿರ ಶಿವಪುರದಲ್ಲಿ, 1938ರ ಏಪ್ರಿಲ್. ನಿನ್ನ ತಾತ ಹದಿಮೂರು ವರ್ಷದ ಹುಡುಗ, ಯಾರದೋ ಗಾಡಿಯ ಹಿಂದೆ ನೇತಾಡಿಕೊಂಡು ಹೋಗಿದ್ದರು. ಬಾವುಟ ಕಾಣಲಿಲ್ಲ, ಬರೀ ಜನರ ಬೆನ್ನು ಕಂಡೆ ಅನ್ನೋರು. ಆದರೆ ಒಂದು ಮಾತು ಸೇರಿಸಿ ಹೇಳು. ಶಿವಪುರದಲ್ಲಿ ಬಾವುಟ ಬೇಡ ಅಂದದ್ದು ಮೈಸೂರು ಸರ್ಕಾರ, ನಮ್ಮ ಅರಸರ ಸರ್ಕಾರ. ಮೇಲೆ ಬ್ರಿಟಿಷರು ಕೂತಿದ್ದರು, ಅದು ಸರಿ. ಆದರೆ ಆ ಅರಸರ ಫೋಟೋ ಈಗಲೂ ನಮ್ಮ ನಡುಮನೆಯಲ್ಲಿದೆ, ಕನ್ನಂಬಾಡಿ ಕಟ್ಟೆ ಕೊಟ್ಟವರು ಅಂತ. 'ವಸಾಹತು' ಅನ್ನೋ ಒಂದೇ ಪದದಲ್ಲಿ ನಮ್ಮ ಸೀಮೆ ಪೂರ್ತಿ ಹಿಡಿಸಲ್ಲ.

ಐರಿಷರಿಂದ ನಾವು ಪಡೆದದ್ದೂ ಇದೆ. ನಮ್ಮ ಸಂವಿಧಾನದ 4ನೇ ಭಾಗ, ರಾಜ್ಯನೀತಿಯ ನಿರ್ದೇಶಕ ತತ್ವಗಳು, ಅವರ 1937ರ ಸಂವಿಧಾನ ನೋಡಿ ಬರೆದದ್ದು. ನಮ್ಮ ಮಂಗಳೂರು ಕಡೆಯ ಬೆನಗಲ್ ನರಸಿಂಗರಾಯರು ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದಾಗ ಡಬ್ಲಿನ್‌ಗೆ ಹೋಗಿಬಂದರು. ರಾಷ್ಟ್ರಪತಿಯಾದ ವಿ.ವಿ. ಗಿರಿ ಲಾ ಓದಿದ್ದೇ ಡಬ್ಲಿನ್ನಿನಲ್ಲಿ. ಆಮೇಲೆ ಒಂದು ಚೋದ್ಯ. 1949ರ ಏಪ್ರಿಲ್ 18ಕ್ಕೆ ಐರ್ಲೆಂಡ್ ಗಣರಾಜ್ಯ ಆಗಿ, ಬ್ರಿಟಿಷರು ಆಳಿದ್ದ ದೇಶಗಳ ಕೂಟವಾದ ಕಾಮನ್‌ವೆಲ್ತ್‌ನಿಂದ ಹೊರಗೆ ಹೋಯಿತು. ಅದೇ ತಿಂಗಳ ಕೊನೆಗೆ ಲಂಡನ್ನಿನಲ್ಲಿ ನಿಯಮ ಸಡಿಲ ಮಾಡಿ, ಗಣರಾಜ್ಯ ಆದರೂ ಒಳಗೆ ಇರಬಹುದು ಅಂತ ನಮಗೆ ಜಾಗ ಮಾಡಿಕೊಟ್ಟರು. ಅವರು ಬಾಗಿಲು ಹಾಕಿಕೊಂಡು ಹೋದರು, ನಾವು ಜಗುಲಿಯಲ್ಲಿ ಕೂತೆವು. ಯಾರದ್ದು ಜಾಣತನ ಅಂತ ನಾನು ತೀರ್ಪು ಕೊಡಲ್ಲ.

ಕೊನೆಯದಾಗಿ ಅಜ್ಜಿಯ ವಿಷಯ. ನೀನು ಹೊರಡುವ ಹಿಂದಿನ ರಾತ್ರಿ ಮನೆತುಂಬ ಜನ. ಒಬ್ಬಟ್ಟು ಮಾಡಿದ್ದರು. ಅಜ್ಜಿ ಇದ್ದಕ್ಕಿದ್ದ ಹಾಗೆ ನಿನ್ನ ಕೈ ಹಿಡಿದು ರಾಗ ಎಳೆದು ಅಳೋಕೆ ಶುರು ಮಾಡಿದಳು. 'ನನ್ನ ಹಿತ್ತಲ ಮಲ್ಲಿಗೆ ಬಳ್ಳಿಯೇ, ನೀರಿಲ್ಲದ ಊರಿಗೆ ಹೋದೆಯಾ' ಅಂತ, ಸಾವಿನ ಮನೆಯಲ್ಲಿ ಹಾಡಾಡಿಕೊಂಡು ಅಳೋ ಥರ. ಎಲ್ಲರೂ 'ಅಪಶಕುನ, ಸುಮ್ನಿರು' ಅಂತ ಗದರಿದರು. ನಾನೂ ಗದರಿದೆ. ನಿನಗೆ ಕೋಪ ಬಂದಿತ್ತು.

ಆಮೇಲೆ ನಾನು ಐರ್ಲೆಂಡ್ ಬಗ್ಗೆ ಓದುತ್ತಾ ಕೂತಾಗ ಒಂದು ಸಂಗತಿ ಸಿಕ್ಕಿತು. ಅಲ್ಲಿ ಮಕ್ಕಳು ಅಮೆರಿಕದ ಹಡಗು ಹತ್ತುವ ಹಿಂದಿನ ರಾತ್ರಿ ಊರವರೆಲ್ಲ ಸೇರಿ ಜಾಗರಣೆ ಮಾಡುತ್ತಿದ್ದರು. ಹೆಣದ ಮುಂದೆ ರಾತ್ರಿಯೆಲ್ಲ ಕೂರುವುದಕ್ಕೆ ಅವರಲ್ಲಿ 'ವೇಕ್' ಅಂತಾರೆ. ಇದಕ್ಕೆ 'ಅಮೆರಿಕನ್ ವೇಕ್' ಅಂತಲೇ ಹೆಸರು. ಕುಣಿತ, ಕುಡಿತ, ಬೆಳಗಿನ ಜಾವ ಅಳು. ಹೋದವರನ್ನ ಮತ್ತೆ ಕಾಣಲ್ಲ ಅಂತ ಅವರಿಗೆ ಗೊತ್ತಿತ್ತು. ಸತ್ತವರನ್ನ ಹಾಡಿ ಅಳುವ ಹೆಂಗಸರು ಅವರಲ್ಲೂ ಇದ್ದರು, ಪಾದ್ರಿಗಳು ಬೇಡ ಬೇಡ ಅಂದು ಅದನ್ನ ನಿಲ್ಲಿಸಿದರು. ಇದನ್ನ ಅಜ್ಜಿಗೆ ಓದಿ ಹೇಳಿದೆ. 'ಅಲ್ಲಿನ ಹೆಂಗಸರಿಗೆ ಬುದ್ಧಿ ಐತೆ' ಅಂದಳು, ನನ್ನ ಕಡೆ ನೋಡದೆ.

ಟೀ ವಿಷಯ ಮರೆತಿದ್ದೆ. ಅವರು ಟೀ ಕೊಟ್ಟಾಗ ಮೊದಲನೇ ಸಲಕ್ಕೇ 'ಹೂಂ' ಅಂದೆ ಅಂತ ನಾಚಿಕೊಂಡಿದ್ದೆಯಲ್ಲ. ಅಲ್ಲೂ ನಮ್ಮ ಹಾಗೇ ಅಂತೆ, ಒಂದೆರಡು ಸಲ 'ಬೇಡ ಬೇಡ' ಅನ್ನಬೇಕು, ಅವರು ಬಲವಂತ ಮಾಡಬೇಕು. ನಿನ್ನನ್ನ ಹಾಗೆ ಬೆಳೆಸಿದ್ದೇವೆ, ಮರೆಯಬೇಡ.

ಫೀನಿಕ್ಸ್ ಪಾರ್ಕಿಗೆ ಹೋದಾಗ ಆ ಕಂಚಿನ ಫಲಕದ ಫೋಟೋ ಹತ್ತಿರದಿಂದ ತೆಗೆದು ಕಳಿಸು. ಸಿಪಾಯಿಗಳ ಮುಖ ಕಾಣಬೇಕು. ನಾನು ಇಲ್ಲಿ ಶ್ರೀರಂಗಪಟ್ಟಣದ ಸ್ತಂಭದ್ದು ತೆಗೆದು ಕಳಿಸುತ್ತೀನಿ, ನಿನ್ನ ಕ್ಲಾಸಿನ ಆ ಹುಡುಗನಿಗೆ ತೋರಿಸು. ಹುರುಳಿಕಾಳು, ಸಾರಿನ ಪುಡಿ, ಒಂದು ಅಚ್ಚು ಬೆಲ್ಲ ಕೊರಿಯರ್‌ಗೆ ಹಾಕಿದ್ದೇವೆ. ಬೆಲ್ಲ ಓನರಮ್ಮನಿಗೆ.

ಅಜ್ಜಿ ಪಕ್ಕದಲ್ಲೇ ಕೂತು ಕೇಳುತ್ತಾ ಇದ್ದಾಳೆ, ಆ ಓನರಮ್ಮನಿಗೆ ಮಕ್ಕಳು ಎಷ್ಟು, ಎಲ್ಲಾ ಊರಲ್ಲೇ ಇದ್ದಾರಾ, ಯಾರಾದರೂ ಹಡಗು ಹತ್ತಿದರಾ ಅಂತ. ಮುಂದಿನ ಸಲ ಫೋನ್ ಮಾಡಿದಾಗ ಹೇಳು.

ಇಂತಿ ನಿನ್ನ,
ದೊಡ್ಡಪ್ಪ